ಪ್ರತಿಕ್ರಿಯೆ: ಕೊಲ್ಲೋ ಮುಂಚೆ ಅಷ್ಟುದ್ದ ಭಾಷಣ ಯಾಕೆ?

ಜೇಮ್ಸ್ ಬಾಂಡ್ ಸಿನಿಮಾ ‘ಗೋಲ್ಡ್‌ಫಿಂಗರ್’ನಲ್ಲಿ (1964) ವಿಲನ್ ತನ್ನ ಪ್ಲಾನನ್ನೆಲ್ಲ ಗ್ಯಾಂಗ್‌ಸ್ಟರ್‌ಗಳಿಗೆ ವಿವರಿಸಿ, ಆಮೇಲೆ ಅವರನ್ನೇ ಯಾಕೆ ಕೊಲ್ಲುತ್ತಾನೆ ಅಂತ ಕೇಳಿದ್ದೀರಿ. ನೀವೇನೂ ತಪ್ಪು ತಿಳಿದಿಲ್ಲ. ಆ ಸೀನ್ ಇರೋದೇ ಹಾಗೆ!

ಬಿಲಿಯರ್ಡ್ಸ್ ಟೇಬಲ್ ಮಗುಚಿಕೊಂಡು ಕಂಟ್ರೋಲ್ ಪ್ಯಾನೆಲ್ ಆಗುತ್ತದೆ, ನೆಲ ತೆರೆದು ಅಮೆರಿಕ ಸರ್ಕಾರದ ಚಿನ್ನದ ಖಜಾನೆ ಇರೋ ಫೋರ್ಟ್ ನಾಕ್ಸ್‌ನ ಮಾಡೆಲ್ ಮೇಲೇಳುತ್ತದೆ. ಕೊನೆಗೆ ಕೇಳಿದವರಿಗೆಲ್ಲ ವಿಷಗಾಳಿ. ಅಸಲಿ ಕಾರಣ ಇಷ್ಟೇ: ಬಾಂಡ್ ಆ ಮಾಡೆಲ್ ಕೆಳಗೇ ಅಡಗಿದ್ದಾನೆ. ಅವನಿಗೂ ನಮಗೂ ಕಥೆ ಗೊತ್ತಾಗಬೇಕಲ್ವಾ?

ನನಗೆ ಅದಕ್ಕಿಂತ ಜಾಸ್ತಿ ನಗು ಬರೋದು ಆ ಗ್ಯಾಂಗ್‌ಸ್ಟರ್‌ಗಳಲ್ಲೊಬ್ಬನಾದ ಮಿಸ್ಟರ್ ಸೋಲೋ ಕಥೆಗೆ. ಪಾಪ, ‘ನನ್ನ ಚಿನ್ನ ಕೊಡಿ, ಹೊರಡ್ತೀನಿ’ ಅಂದವನು. ಅವನನ್ನೂ ಆ ರೂಮಲ್ಲೇ ಮುಗಿಸಬಹುದಿತ್ತು. ಅದು ಬಿಟ್ಟು ಕಾರಲ್ಲಿ ಕರೆದೊಯ್ದು, ಗುಂಡು ಹೊಡೆದು, ಚಿನ್ನದ ಸಮೇತ ಲಿಂಕನ್ ಕಾರನ್ನೇ ಗುಜರಿಯಲ್ಲಿ ಹಿಂಡಿ ಪೆಟ್ಟಿಗೆ ಮಾಡುತ್ತಾರೆ. ಈಗ ಹೆಣದಿಂದ ಚಿನ್ನ ಬಿಡಿಸೋ ಕೆಲಸ ಬೇರೆ! ಆ ಪೆಟ್ಟಿಗೆಯನ್ನು ಪುಟ್ಟ ಪಿಕಪ್ ಗಾಡಿಯ ಮೇಲೆ ಇಟ್ಟರೆ ಅದು ಆರಾಮಾಗಿ ಓಡುತ್ತದೆ. ನಮ್ಮ ಬೆಂಗಳೂರಿನ ಜೆ.ಸಿ. ರೋಡಲ್ಲಿ ನಾಲ್ಕು ಹಳೇ ಎಂಜಿನ್ ಹೇರಿದ ಟಾಟಾ ಏಸ್ ನೋಡಿ, ಹಿಂದಿನ ಟೈರು ಮಡ್‌ಗಾರ್ಡ್‌ಗೆ ತಾಗುತ್ತಿರುತ್ತದೆ.

ಇನ್ನೊಂದು ಸಲ ನೋಡುವಾಗ ಕ್ಲೈಮ್ಯಾಕ್ಸ್‌ನ ಬಾಂಬ್ ಗಮನಿಸಿ. ಟೈಮರ್ ನಿಲ್ಲೋದು ಬಾಂಡ್‌ನದೇ ಕೋಡ್ ನಂಬರ್ ಆದ 007ಕ್ಕೆ, ಬಾಂಡ್ ಮಾತ್ರ ‘ಇನ್ನು ಮೂರು ಟಿಕ್ ಆಗಿದ್ರೆ’ ಅನ್ನುತ್ತಾನೆ. ಮೊದಲು 003ಕ್ಕೆ ನಿಲ್ಲಿಸೋ ಪ್ಲಾನ್ ಇತ್ತು. ನಂಬರ್ ಬದಲಾಯಿಸಿದರು, ಡೈಲಾಗ್ ಹಾಗೇ ಉಳಿಯಿತು.