ಡೌನ್ ಸಿಂಡ್ರೋಮ್ ಇರುವ ಹುಡುಗಿ ದೊಡ್ಡವಳಾಗುವುದು ತಡವಾಗುತ್ತದೆಯೇ?

‘ಮಗಳಿಗೆ 10 ವರ್ಷ, ಡೌನ್ ಸಿಂಡ್ರೋಮ್ ಇದೆ. ದೊಡ್ಡವಳಾಗಲು ಇನ್ನೂ ಟೈಮ್ ಇದೆ ಅಲ್ವಾ? ಗರ್ಭಕೋಶ ತೆಗೆಸಿಬಿಡಿ ಅಂತ ನಾದಿನಿ ಹೇಳುತ್ತಾರೆ’ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಕಲಿಕೆ, ಬೆಳವಣಿಗೆ ನಿಧಾನ. ಈಗ ಅವಳಿಗೆ 19.

ಟೈಮ್ ಜಾಸ್ತಿ ಇಲ್ಲ. ಮಾತು ತಡ, ಓದು ತಡ, ಹಾಗಾಗಿ ಇದೂ ತಡ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಈ ಮಕ್ಕಳು ಮೈನೆರೆಯುವುದು ಹೆಚ್ಚುಕಮ್ಮಿ ಬೇರೆ ಮಕ್ಕಳ ವಯಸ್ಸಿಗೇ, ಹುಡುಗಿಯರು ಸಾಮಾನ್ಯವಾಗಿ 12-13ಕ್ಕೆ. ಎದೆ ಮೂಡಲು ಶುರುವಾದರೆ ಮುಟ್ಟಿಗೆ ಸುಮಾರು ಎರಡು ವರ್ಷ ಉಳಿದಿದೆ ಅಂತ ಲೆಕ್ಕ. ಕಲಿಸುವುದಕ್ಕೆ ಅಷ್ಟು ಸಮಯ ಬೇಕೇ ಬೇಕು.

ನಾವು ಒಂದು ವರ್ಷ ಮೊದಲೇ ಪ್ಯಾಡ್ ಅಭ್ಯಾಸ ಮಾಡಿಸಿದೆವು. ಪ್ಯಾಡ್ ಮೇಲೆ ಕುಂಕುಮದ ನೀರು ನಾಲ್ಕು ಹನಿ ಹಾಕಿ, ‘ಹೀಗೆ ಕಂಡರೆ ಅಮ್ಮನಿಗೆ ಹೇಳು’ ಅಂತಿದ್ದೆ. ಮೊದಲ ದಿನ ಅಂಟಿನ ಕಡೆ ಮೇಲೆ ಮಾಡಿ ಹಾಕಿಕೊಂಡು, ಎರಡು ಹೆಜ್ಜೆ ನಡೆದು, ‘ಕಚ್ತು’ ಅಂದಳು. ಆಮೇಲೆ ಚಡ್ಡಿಯ ಮೇಲೆ ಪ್ಯಾಡ್ ಇಟ್ಟು ಸುತ್ತಲೂ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟೆ. ಗೆರೆಯೊಳಗೆ ಅಂಟಿಸಿದರೆ ಸರಿ. ಅಷ್ಟಕ್ಕೇ ಮೂರು ತಿಂಗಳು ಹಿಡಿಯಿತು. ಆ ದಿನ ಬಂದಾಗ ಬಚ್ಚಲಿಂದ ಕೂಗಿದಳು: ‘ಅಮ್ಮಾ, ಕುಂಕುಮ!’ ಅಳಲಿಲ್ಲ, ಹೆದರಲಿಲ್ಲ. ಆರತಿ ಮಾಡಿ ಚಿಗಳಿ ಉಂಡೆ ಕೊಟ್ಟೆವು. ಮುಂದಿನ ತಿಂಗಳೂ ಆರತಿ ಎಲ್ಲಿ ಅಂತ ಕೇಳಿದಳು ಅನ್ನುವುದು ಬೇರೆ ಮಾತು.

ಇನ್ನು ನಾದಿನಿ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಆ ವ್ಯಕ್ತಿಯೇ ತಿಳಿದು ಒಪ್ಪದೆ ಮಕ್ಕಳಾಗದ ಹಾಗೆ ಮಾಡುವ ಚಿಕಿತ್ಸೆ ಮಾಡುವಂತಿಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಆಶ್ರಮದಲ್ಲಿದ್ದ ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಹುಡುಗಿಯರಿಗೆ ಪುಣೆಯಲ್ಲಿ ಗರ್ಭಕೋಶ ತೆಗೆದದ್ದು ದೇಶದಲ್ಲೆಲ್ಲ ಗಲಾಟೆಯಾಗಿತ್ತು. ‘ಯಾರಾದರೂ ಏನಾದರೂ ಮಾಡಿದರೆ?’ ಅನ್ನುವ ಭಯ ನನಗೂ ಇದೆ. ಡೌನ್ ಸಿಂಡ್ರೋಮ್ ಇರುವ ಹೆಣ್ಣುಮಕ್ಕಳೂ ಬಸಿರಾಗಬಲ್ಲರು, ಅದೂ ನಿಜ. ಆದರೆ ಗರ್ಭಕೋಶ ತೆಗೆಸಿದರೆ ಮುಟ್ಟು ನಿಲ್ಲುತ್ತದೆ, ಮುಟ್ಟಬಾರದವರ ಕೈ ನಿಲ್ಲುವುದಿಲ್ಲ. ಆದದ್ದು ಮನೆಯವರಿಗೆ ಗೊತ್ತಾಗದೇ ಹೋಗುತ್ತದೆ, ಅಷ್ಟೇ.

ನಾವು ಮಾಡಿದ್ದು ಬೇರೆ. ನನ್ನವಳಿಗೆ ಕಂಡವರನ್ನೆಲ್ಲ ತಬ್ಬಿಕೊಳ್ಳುವ ಅಭ್ಯಾಸವಿತ್ತು. ಚಿಕ್ಕವಳಿದ್ದಾಗ ಎಲ್ಲರಿಗೂ ಮುದ್ದು. 12 ಆದಮೇಲೆ ಕೆಲವರು ಹಿಂದೆ ಸರಿದರು. ಸರಿಯದೇ ಇದ್ದವರ ಮೇಲೆ ನಾನು ಕಣ್ಣಿಟ್ಟೆ. ಮನೆಯ ನಾಲ್ಕು ಜನಕ್ಕೆ ಮಾತ್ರ ಅಪ್ಪುಗೆ, ಉಳಿದವರಿಗೆಲ್ಲ ನಮಸ್ಕಾರ ಅಂತ ಮಾಡಿದೆವು. ಸ್ವಂತ ಚಿಕ್ಕಪ್ಪನಿಗೂ ನಮಸ್ಕಾರವೇ. ಅವರಿಗೆ ಬೇಜಾರಾಯಿತು, ಆಗಲಿ ಬಿಡಿ. ಮೈಯ ಭಾಗಗಳಿಗೆ ಸುಮ್ನೆ ‘ಅಲ್ಲಿ, ಇಲ್ಲಿ’ ಅನ್ನದೆ ಹೆಸರು ಹೇಳಿಕೊಡಿ. ಏನಾದರೂ ಆದರೆ ಅವಳಿಗೆ ಹೇಳಲು ಪದ ಬೇಕಲ್ಲ.

ಇನ್ನೊಂದು ವಿಷಯ ಥೈರಾಯ್ಡ್. ಈ ಮಕ್ಕಳಲ್ಲಿ ಅದರ ತೊಂದರೆ ಜಾಸ್ತಿ. ನನ್ನವಳಿಗೆ 14ರಲ್ಲಿ ಮುಟ್ಟು ಹತ್ತು ಹನ್ನೆರಡು ದಿನ ಎಳೆಯುತ್ತಿತ್ತು, ಹಗಲೆಲ್ಲ ನಿದ್ದೆ. ತೋರಿಸಿದ ಡಾಕ್ಟರ್ ‘ಇಂಥ ಮಕ್ಕಳು ಹೀಗೇ’ ಅಂದು ಕಳಿಸಿದರು. ಇನ್ನೊಬ್ಬರು ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕಮ್ಮಿ ಇದೆ ಅಂತ ಗೊತ್ತಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಕೆಲವು ತಿಂಗಳಲ್ಲಿ ಮುಟ್ಟು ಐದು ದಿನಕ್ಕೆ ಬಂತು. ನಿಮ್ಮ ಮಗಳಿಗೆ ಟಿಎಸ್‌ಎಚ್ ಮಾಡಿಸಿ ವರ್ಷವಾಗಿದ್ದರೆ ಈ ವಾರವೇ ಮಾಡಿಸಿ.