ಅಪ್‌ಲೋಡ್ ಮಾತ್ರ ಬಿದ್ದಿದೆಯಾ? ಮೊದಲು ಜಾಯಿಂಟ್ ನೋಡಿ

ನಮಸ್ಕಾರ ಅಕ್ಕ. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡಲ್ಲಿ ಡೌನ್‌ಲೋಡ್ 8 ಎಂಬಿಪಿಎಸ್ ಬರುತ್ತದೆ, ಅಪ್‌ಲೋಡ್ 0.3 ದಾಟುವುದಿಲ್ಲ, ತೋಟದ 100 ಎಂಬಿ ವಿಡಿಯೋ ಹಾಕಲು ಮುಕ್ಕಾಲು ಗಂಟೆ ಬೇಕು ಎಂದು ಕೇಳಿದ್ದೀರಿ. ಪ್ಲಾನ್ ಬದಲಿಸಲು ಹೋಗಬೇಡಿ, ಮೊದಲು ವೈರ್ ನೋಡಿ.

ಎಡಿಎಸ್‌ಎಲ್‌ನಲ್ಲಿ, ಅಂದರೆ ಫೋನಿನ ತಾಮ್ರದ ವೈರಿನಲ್ಲೇ ಬರುವ ಬ್ರಾಡ್‌ಬ್ಯಾಂಡಲ್ಲಿ, ಅಪ್‌ಲೋಡ್‌ಗೆ ಬಿಟ್ಟಿರುವ ಫ್ರೀಕ್ವೆನ್ಸಿ ಜಾಗವೇ ಚಿಕ್ಕದು. ಫೋನಿನ ಮಾತು 4 ಕಿಲೋಹರ್ಟ್ಸ್ ಒಳಗೆ ಮುಗಿಯುತ್ತದೆ. ಸುಮಾರು 25ರಿಂದ 138 ಕಿಲೋಹರ್ಟ್ಸ್‌ವರೆಗೆ ಅಪ್‌ಲೋಡ್. ಅದರ ಸುಧಾರಿತ ರೂಪ ಎಡಿಎಸ್‌ಎಲ್2 ಪ್ಲಸ್ ಆದರೆ ಅದರ ಮೇಲೆ 2,208ರವರೆಗೂ ಡೌನ್‌ಲೋಡ್. ಹಾಗಾಗಿ ಲೈನ್ ಎಷ್ಟೇ ಚೆನ್ನಾಗಿರಲಿ, ಸಾಮಾನ್ಯವಾಗಿ 1 ಎಂಬಿಪಿಎಸ್ ಆಸುಪಾಸೇ ಮಿತಿ. ಆದರೂ 0.3 ತೀರಾ ಕಡಿಮೆ. ಅರೆಬರೆ ತಾಗಿರುವ ಜಾಯಿಂಟನ್ನು ಮೇಲಿನ ಫ್ರೀಕ್ವೆನ್ಸಿ ಹೇಗೋ ದಾಟುತ್ತದೆ, ಕೆಳಗಿನದು ಅಲ್ಲೇ ಸೊರಗುತ್ತದೆ. ಪೆಟ್ಟು ಬೀಳುವುದು ಅಪ್‌ಲೋಡ್‌ಗೆ.

ನಮ್ಮನೆಯಲ್ಲೂ ಒಂದು ಮಳೆಗಾಲ ಹೀಗೇ ಆಗಿತ್ತು. ಮಾಡಿನ ಅಂಚಲ್ಲಿ ಟೇಪ್ ಸುತ್ತಿದ್ದ ಜಾಯಿಂಟ್ ಬಿಚ್ಚಿದೆ. ಒಳಗೆ ನೀರು. ತಾಮ್ರ ಹಸಿರುಗಟ್ಟಿ, ಉಗುರು ತಾಗಿದರೆ ಪುಡಿ ಉದುರುತ್ತಿತ್ತು. ಹಾಳಾದಷ್ಟು ಕತ್ತರಿಸಿ, ಹೊಸದಾಗಿ ಸುಲಿದು, ಜೆಲ್ಲಿ ತುಂಬಿದ ಕನೆಕ್ಟರ್ ಒತ್ತಿದೆ. 0.3 ಇದ್ದದ್ದು 0.8 ಆಯಿತು. ಅಷ್ಟೇ ವಿಡಿಯೋ 17 ನಿಮಿಷದಲ್ಲಿ ಹೋಗುತ್ತದೆ. ಗುಡುಗು ಇರುವಾಗ ಮಾತ್ರ ವೈರ್ ಮುಟ್ಟಲೇಬೇಡಿ. ಲೈನಲ್ಲಿ 48 ವೋಲ್ಟ್ ಇರುತ್ತದೆ, ರಿಂಗ್ ಆದರೆ ಇನ್ನೂ ಜಾಸ್ತಿ. ಕಂಬದ ಮೇಲೆ ಮನೆಗಳಿಗೆ ಲೈನ್ ಹಂಚುವ ಡಿಪಿ ಬಾಕ್ಸ್ ಲೈನ್‌ಮನ್ ಕೆಲಸ, ಅದಕ್ಕೆ ಕೈ ಹಾಕಬೇಡಿ.

ಜಾಯಿಂಟ್ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಎಲ್ಲ ಫೋನ್ ಕಳಚಿ, ವೈರ್ ಮನೆಯೊಳಗೆ ಬರುವ ಮೊದಲ ಪೆಟ್ಟಿಗೆಗೇ ಮೋಡೆಮ್ ಹಾಕಿ, ಗಿಡ್ಡ ಕೇಬಲ್‌ನಲ್ಲಿ. ಆಗ ಸುಧಾರಿಸಿದರೆ ತೊಂದರೆ ಮನೆಯೊಳಗಿದೆ. ಸ್ಪ್ಲಿಟರ್ (ಮಾತು, ಇಂಟರ್ನೆಟ್ ಬೇರೆ ಮಾಡುವ ಪುಟ್ಟ ಡಬ್ಬಿ) ಇಲ್ಲದೆ ಸೇರಿಸಿದ ಪ್ಯಾರಲಲ್ ಫೋನ್ ಒಂದೇ ಸಾಕು ಹಾಳು ಮಾಡಲು. ಬ್ರೌಸರಲ್ಲಿ ತೆರೆಯುವ ಮೋಡೆಮ್ ಸೆಟ್ಟಿಂಗ್ಸ್ ಪುಟದಲ್ಲಿ ಅಪ್‌ಸ್ಟ್ರೀಮ್ ರೇಟ್ (ಅಪ್‌ಲೋಡ್ ವೇಗ) ನೋಡಿ. ಅಲ್ಲೇ 300 ಕೆಬಿಪಿಎಸ್, ಅಂದರೆ 0.3 ಎಂಬಿಪಿಎಸ್, ಇದ್ದರೆ ಲೈನಿನದೇ ತಪ್ಪು. 1,000ದ ಹತ್ತಿರ ಇದ್ದೂ ವಿಡಿಯೋ ನಿಧಾನವಾದರೆ ಮನೆಯ ಯಾವುದೋ ಮೊಬೈಲು ಸುಮ್ನೆ ಫೋಟೋ ಬ್ಯಾಕಪ್ ಮಾಡುತ್ತಿರಬಹುದು, ಅದನ್ನು ನಿಲ್ಲಿಸಿ. ಅಪ್‌ಲೋಡ್ ತುಂಬಿ ತುಳುಕಿದರೆ ಡೌನ್‌ಲೋಡೂ ತಡವರಿಸುತ್ತದೆ, ಅಲ್ವಾ? ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ಸಿಗುವುದರ 85 ಶೇಕಡಾಕ್ಕೆ ಇಡಿ.

ಅನೆಕ್ಸ್ ಎಂ ಎಂಬ ವ್ಯವಸ್ಥೆಯಲ್ಲಿ ಅಪ್‌ಲೋಡ್ 2 ದಾಟಬಹುದು. ಅದಕ್ಕೆ ಎಕ್ಸ್‌ಚೇಂಜ್‌ನಲ್ಲೂ ಸೌಲಭ್ಯ ಬೇಕು. ನಿಮ್ಮ ರಸ್ತೆಗೆ ಫೈಬರ್ ಬಂದಿದ್ದರೆ ಅದನ್ನೇ ಹಾಕಿಸಿ.

ಅಪ್‌ಸ್ಟ್ರೀಮ್ ರೇಟ್, ಎಸ್‌ಎನ್‌ಆರ್ ಮಾರ್ಜಿನ್ (ಲೈನಿನ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬುದರಲ್ಲಿ ಉಳಿದಿರುವ ಅಂತರ), ಎರಡನ್ನೂ ಇಲ್ಲಿ ಹಾಕಿ ಅಕ್ಕ. ಮಾರ್ಜಿನ್ 6 ಡಿಬಿಗಿಂತ ಕೆಳಗಿದ್ದರೆ ನಾಳೆಯೇ ದೂರು ಬರೆಸಿ.