ಆಫ್ರಿಕಾದಲ್ಲಿ ಮಿಷನ್ ಸೇವೆಗೆ ಹೋದವರ ಒಂದು ವಾರ ನಿಜವಾಗಿ ಹೇಗಿರುತ್ತದೆ?

ಸಿಂಧನೂರಿನ ತಂಗಿಯೊಬ್ಬರು ಕೇಳಿದ್ದಾರೆ: ನರ್ಸಿಂಗ್ ಮುಗಿದಿದೆ, ಸಿಸ್ಟರ್‌ಗಳ ಸಂಸ್ಥೆಯೊಂದು ಒಂದು ವರ್ಷದ ಸೇವೆಗೆ ತಾಂಜಾನಿಯಾಕ್ಕೆ ಕಳುಹಿಸುತ್ತೇವೆ ಎನ್ನುತ್ತಿದೆ, ಅಪ್ಪ ಒಪ್ಪುತ್ತಿಲ್ಲ, ಅಲ್ಲಿ ವಾರ ಹೇಗೆ ಕಳೆಯುತ್ತದೆ ಎಂದು ಹೋಗಿಬಂದವರು ಹೇಳಿ, ಎಂದು.

ನಾನು ಹೋಗಿಬಂದವಳು. ಊರು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು, ಓದಿದ್ದು ನಿಮ್ಮದೇ ನರ್ಸಿಂಗ್. ತಾಂಜಾನಿಯಾದ ದೊಡೊಮಾ ಸೀಮೆಯ ಒಂದು ಹಳ್ಳಿಯಲ್ಲಿ ಸಿಸ್ಟರ್‌ಗಳ ಚಿಕ್ಕ ದವಾಖಾನೆಯಲ್ಲಿದ್ದೆ. ನೇರವಾಗಿ ಹೇಳುವುದಾದರೆ, ವಾರ ಬೋಧನೆಯಲ್ಲಿ ಕಳೆಯುವುದಿಲ್ಲ. ನೀರು, ರಸ್ತೆ, ಜ್ವರ, ಸಾವು, ಇವುಗಳಲ್ಲಿ ಕಳೆಯುತ್ತದೆ. ಹೊರಡುವ ಮೊದಲು ಕೊಟ್ಟ ತರಬೇತಿಗಿಂತ, ಚಿಕ್ಕಂದಿನಲ್ಲಿ ಅವ್ವನ ಸೆರಗು ಹಿಡಿದು ಸಾವಿನ ಮನೆಗಳಿಗೆ ಹೋಗಿ ಸುಮ್ಮನೆ ಕುಳಿತು ಬರುತ್ತಿದ್ದೆನಲ್ಲ, ಅದೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

ಮೊದಲು ಒಂದು ಮಾತು ಮುಗಿಸಿಬಿಡುತ್ತೇನೆ. ಮರಳಿ ಬಂದ ಮೇಲೆ ಎರಡು ಬಗೆಯ ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಎಷ್ಟು ಜನರನ್ನು ಧರ್ಮಕ್ಕೆ ಸೇರಿಸಿದೆ? ಕೆಲವರು ಹುಬ್ಬು ಗಂಟಿಕ್ಕಿ ಕೇಳಿದರು, ಕೆಲವರು ಕಣ್ಣರಳಿಸಿ. ಇಬ್ಬರಿಗೂ ನಿರಾಸೆಯಾಗುವ ಉತ್ತರ ನನ್ನದು: ಯಾರನ್ನೂ ಇಲ್ಲ. ಆ ಓಣಿಯವರು ಅಜ್ಜನ ಕಾಲದಿಂದ ಕ್ರೈಸ್ತರು, ಪ್ರಾರ್ಥನೆಗಳು ನನಗಿಂತ ಚೆನ್ನಾಗಿ ಬಾಯಿಗೆ ಬರುತ್ತಿದ್ದವು. ನಮ್ಮ ಕಡೆಯವರಿಗೆ ಮಿಷನರಿ ಎಂದರೆ ಹೊರಗಿನಿಂದ ಬಂದ ಬಿಳಿಯರು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕುಳಿತರು. 1831ರ ಹೊತ್ತಿಗೆ ಪೂರ್ತಿ ಗ್ರಂಥ ಕನ್ನಡಕ್ಕೆ ಬಂದಿತ್ತು. ನಮ್ಮ ಮುದಗಲ್ಲಿಗಂತೂ ಆದಿಲಶಾಹಿಗಳ ಕಾಲದಲ್ಲಿಯೇ ಗೋವೆಯ ಕಡೆಯಿಂದ ಪಾದ್ರಿಗಳು ಬಂದಿದ್ದರು. ಈಗ ಇಲ್ಲಿಂದಲೇ ಒಬ್ಬ ಹುಡುಗಿ ಆಫ್ರಿಕಾಕ್ಕೆ ಹೊರಟಿದ್ದಾಳೆ ಎಂದಾಗ, ಮೊಹರಂ ನೋಡಲು ಊರಿಗೆ ಬಂದಿದ್ದ ನೆಂಟರಿಷ್ಟರೆಲ್ಲ ನಮ್ಮ ಮನೆಗೂ ಬಂದು ನನ್ನನ್ನು ನೋಡಿಕೊಂಡು ಹೋದರು.

ಇನ್ನು ವಾರದ ವಿಷಯ. ಎಲ್ಲ ವಾರವೂ ಹೀಗಿರುವುದಿಲ್ಲ; ಬಹಳಷ್ಟು ವಾರಗಳು ಬೇಸರ ಬರುವಷ್ಟು ಸಪ್ಪೆ. ಎಲ್ಲವೂ ಒಟ್ಟಿಗೆ ಬಂದ ಒಂದು ವಾರವನ್ನು ಹೇಳುತ್ತೇನೆ.

ಸೋಮವಾರ ಕೈಪಂಪು ಕೈಕೊಟ್ಟಿತು. ದೊಡೊಮಾ ನಮ್ಮ ರಾಯಚೂರಿನಂತೆಯೇ ಮಳೆ ಕಡಿಮೆ ಇರುವ ಸೀಮೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬಂದಷ್ಟೇ ಮಳೆ, ಹೊಲದಲ್ಲಿ ಜೋಳ, ಸಜ್ಜೆ. ಪಂಪು ನೋಡಿದರೆ ಇಂಡಿಯಾ ಮಾರ್ಕ್ 2 ಮಾದರಿಯದು, 1970ರ ದಶಕದಲ್ಲಿ ನಮ್ಮ ದೇಶದಲ್ಲಿ ರೂಪುಗೊಂಡು ಆಫ್ರಿಕಾದ ಹಳ್ಳಿಗಳಿಗೂ ಹೋದದ್ದು. ಹಿಡಿ ಹಗುರವಾಗಿ ಮೇಲೆ ಕೆಳಗೆ ಆಡುತ್ತಿದೆ, ನೀರು ಬರುತ್ತಿಲ್ಲ ಎಂದರೆ ಒಂದೋ ಒಳಗಿನ ಸಲಾಕೆ ಕಳಚಿದೆ, ಇಲ್ಲವೇ ವಾಷರ್ ಸವೆದಿದೆ. ಯಾವುದಾದರೂ ಪೈಪುಗಳನ್ನೆಲ್ಲ ಮೇಲೆಳೆಯಲೇಬೇಕು. ಮೆಕ್ಯಾನಿಕ್ ಬರುವುದು ಗುರುವಾರ ಎಂದರು. ಅಲ್ಲಿಯವರೆಗೆ ಹೆಂಗಸರು ಒಣ ಹಳ್ಳದ ಮರಳು ತೋಡಿ, ಒರತೆಯ ನೀರನ್ನು ಬಟ್ಟಲಿನಿಂದ ಮೊಗೆದು ಹಳದಿ ಕ್ಯಾನುಗಳಿಗೆ ತುಂಬಿಸಿದರು. ನಾನೂ ಒಂದು ಕ್ಯಾನು ಹೊತ್ತೆ. ಇಪ್ಪತ್ತು ಲೀಟರ್ ಹೊತ್ತು ನಡೆಯಬಲ್ಲವಳು ಎಂದು ಗೊತ್ತಾದ ಮೇಲೆ ದವಾಖಾನೆಯಲ್ಲಿ ನನ್ನ ಮಾತಿಗೆ ತೂಕ ಬಂತು. ಅದಕ್ಕೆ ಮೊದಲು ನಾನು ಬರೀ ಅತಿಥಿ.

ಮಂಗಳವಾರ ಅದೇ ಹಳ್ಳ ಬಂತು. ದೂರದ ಹಳ್ಳಿಯೊಂದರಲ್ಲಿ ಕೂಸುಗಳ ತೂಕ ನೋಡಿ ಲಸಿಕೆ ಹಾಕಿಸಿ ಮರಳುತ್ತಿದ್ದೆವು. ಮಳೆ ಎಲ್ಲೋ ಮೇಲೆ ಆಗಿರಬೇಕು, ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ ಹರಿಯುತ್ತಿತ್ತು. ಉಳಿದ ಲಸಿಕೆಗಳು ಡಬ್ಬಿಯಲ್ಲಿದ್ದವು. ಅವು 2ರಿಂದ 8 ಡಿಗ್ರಿಯೊಳಗೆ ಇರಬೇಕು, ಐಸ್ ಕರಗುತ್ತಿತ್ತು. ಸಿಸ್ಟರ್ ಚಡಪಡಿಸುತ್ತಿದ್ದರು. ಚಾಲಕ ಮಾತ್ರ ನೀರಿನ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಟ್ಟು, ಪಕ್ಕದ ಬಾವೊಬಾಬ್ ಮರದ ಬುಡಕ್ಕೆ ಒರಗಿ ನಿದ್ದೆ ಹೋದ. (ಸವಣೂರಿನ ಮಠದಲ್ಲಿ ದೊಡ್ಡಹುಣಸೆ ಎಂದು ತೋರಿಸುತ್ತಾರಲ್ಲ, ಅದೇ ಮರ. ಅಲ್ಲಿ ಅದನ್ನು ನೋಡಲು ಯಾರೂ ಬಸ್ ಹತ್ತಿ ಬರುವುದಿಲ್ಲ.) ಎದ್ದು ನೋಡಿದಾಗ ನೀರು ಕಡ್ಡಿಯಿಂದ ಒಂದು ಗೇಣು ಕೆಳಗಿಳಿದಿತ್ತು. ಇನ್ನೊಂದು ಕಡ್ಡಿ ನೆಟ್ಟು ಮತ್ತೆ ಮಲಗಿದ. ದಾಟುವಾಗ ಕತ್ತಲಾಗಿತ್ತು.

ಬುಧವಾರ ನಸುಕಿನಲ್ಲಿ ಉಪದೇಶಿಯ ತಾಯಿ ತೀರಿಕೊಂಡರು. ಅಲ್ಲಿ ಪಾದ್ರಿ ಒಬ್ಬರೇ, ಹಳ್ಳಿಗಳು ಹಲವು. ಹಳ್ಳಿಯ ಗುಡಿಯನ್ನು ನಡೆಸುವವರು ಉಪದೇಶಿಗಳು. ಅಕ್ಕಪಕ್ಕದ ಹತ್ತಿಪ್ಪತ್ತು ಮನೆಗಳು ಸೇರಿ ವಾರಕ್ಕೊಮ್ಮೆ ಯಾರದಾದರೂ ಅಂಗಳದಲ್ಲಿ ಪ್ರಾರ್ಥನೆಗೆ ಕೂಡುವ ಪದ್ಧತಿಯಿದೆ, ಜುಮುಯಿಯಾ ಎನ್ನುತ್ತಾರೆ. ಸಾವಾದರೆ ಕೆಲಸವೆಲ್ಲ ಈ ಜುಮುಯಿಯಾದ್ದು. ನಾನು ಸಿಸ್ಟರ್ ಜೊತೆ ಹೋಗುವ ಹೊತ್ತಿಗೆ ಗಂಡಸರು ಮರದ ಕೆಳಗೆ ಬೆಂಚು ಹಾಕಿಕೊಂಡಿದ್ದರು, ಹೆಂಗಸರು ಒಳಗೆ ಚಾಪೆಯ ಮೇಲಿದ್ದರು. ಬಂದವರೆಲ್ಲ ಒಂದೊಂದು ಕ್ಯಾನು ನೀರು, ಒಂದೊಂದು ಹೊರೆ ಕಟ್ಟಿಗೆ ತರುತ್ತಿದ್ದರು. ಪಂಪು ಕೆಟ್ಟ ವಾರದಲ್ಲಿ ಒಂದು ಕ್ಯಾನು ನೀರೆಂದರೆ ಎಷ್ಟು ನಡಿಗೆ ಎಂಬುದು ನನಗೆ ಆಗ ಗೊತ್ತಿತ್ತು.

ಏನು ಮಾತಾಡಬೇಕು ಎಂದು ನಾನು ದಾರಿಯುದ್ದಕ್ಕೂ ಸ್ವಾಹಿಲಿ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ. ಸತ್ತವರ ಮಗಳು ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಮುದುಕಿಯೊಬ್ಬರು ಒಂದು ಮೊರ ಹುರುಳಿಕಾಯಿಯ ಕಾಳನ್ನು ನನ್ನ ಮಡಿಲಿಗೆ ತಳ್ಳಿದರು. ಕಲ್ಲು ಆರಿಸುವ ಕೆಲಸ. ಮಣ್ಣಿನ ಬಣ್ಣದ ಕಾಳಿನಲ್ಲಿ ಮಣ್ಣಿನ ಬಣ್ಣದ ಕಲ್ಲು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ನಾನು ಆರಿಸಿದ್ದನ್ನು ಮುದುಕಿ ಇನ್ನೊಮ್ಮೆ ಆರಿಸಿದರು, ಎರಡು ಕಲ್ಲು ತೆಗೆದು ತೋರಿಸಿ ನಕ್ಕರು. ಸಾವಿನ ಮನೆಯಲ್ಲಿ ನಗಬಾರದೆಂದೇನೂ ಇಲ್ಲ, ನಮ್ಮಲ್ಲಿಯೂ ಇಲ್ಲ. ಹೊರಗೆ ದೊಡ್ಡ ಪಾತ್ರೆಗಳಲ್ಲಿ ಹಿಟ್ಟು ಬೇಯಿಸಿ ತೊಳಸುತ್ತಿದ್ದರು. ಅದು ಉಗಾಲಿ, ಮೆಕ್ಕೆಜೋಳದ್ದೂ ಇರುತ್ತದೆ, ಬಿಳಿಜೋಳದ್ದೂ ಇರುತ್ತದೆ. ಜೋಳದ ಸಂಗಟಿ ಉಂಡು ಬೆಳೆದವರಿಗೆ ಊಟದ ಚಿಂತೆ ಬೇಡ. ಜೊತೆಗೆ ಕೊಡುವ ಮ್ಲೆಂಡಾ ಎಂಬ ಸೊಪ್ಪಿನ ಪಲ್ಯ ಮಾತ್ರ ಬೆಂಡೆಕಾಯಿಗಿಂತ ಲೋಳೆ. ನನಗೆ ಕೊನೆಯವರೆಗೂ ಗಂಟಲಲ್ಲಿ ಇಳಿಯಲಿಲ್ಲ.

ಮರದ ಕೆಳಗೆ ಒಬ್ಬರು ನೋಟ್‌ಬುಕ್ ಹಿಡಿದು ಕುಳಿತಿದ್ದರು. ಯಾರು ಎಷ್ಟು ಶಿಲ್ಲಿಂಗ್ ಕೊಟ್ಟರು, ಯಾರು ಎಷ್ಟು ಹಿಟ್ಟು ತಂದರು, ಎಲ್ಲವೂ ಅದರಲ್ಲಿ. ಮಣ್ಣು ಮಾಡಿದ ಮೇಲೆ ಅದನ್ನು ಗಟ್ಟಿಯಾಗಿ ಓದಿದರು, ಖರ್ಚನ್ನೂ ಓದಿದರು. ನಮ್ಮ ಮದುವೆಗಳ ಮುಯ್ಯಿಯ ಪಟ್ಟಿ ಪೆಟ್ಟಿಗೆ ಸೇರುತ್ತದೆ, ಇವರದು ಬಯಲಿನಲ್ಲಿ. ಇದೇ ಸರಿ ಎನ್ನಿಸಿತು ನನಗೆ. ನೆಂಟ ಹೆಂಗಸರು ಮತ್ತೂ ಕೆಲವು ರಾತ್ರಿ ಅದೇ ಚಾಪೆಯ ಮೇಲೆ ಮಲಗಿದರು. ನಾನು ಒಂದು ರಾತ್ರಿ ಉಳಿದೆ.

ಶುಕ್ರವಾರ ನನಗೇ ಜ್ವರ. ಬೆರಳು ಚುಚ್ಚಿ ಪಟ್ಟಿಯ ಪರೀಕ್ಷೆ ಮಾಡಿದರೆ ಮಲೇರಿಯಾ. ಸಾವಿನ ಮನೆಯ ಸೊಳ್ಳೆ ಕಚ್ಚಿದ್ದು ಎಂದು ಎಲ್ಲರೂ ತೀರ್ಪು ಕೊಟ್ಟರು. ನೀವು ಓದಿದವರು, ನಿಮಗೆ ಗೊತ್ತು: ಕಚ್ಚಿ ವಾರವಾಗುವ ಮೊದಲು ಜ್ವರ ಬರುವುದಿಲ್ಲ, ಅದು ನಮ್ಮ ಮನೆಯ ಸೊಳ್ಳೆಯೇ. ನಾಲ್ಕು ಮಾತ್ರೆ ಒಮ್ಮೆಗೆ, ದಿನಕ್ಕೆ ಎರಡು ಬಾರಿ, ಮೂರು ದಿನ. ಹಾಲು ಅಥವಾ ಜಿಡ್ಡಿನ ಊಟದ ಜೊತೆ. ಇಲ್ಲಿ ಒಂದು ಎಚ್ಚರ. ಅಲ್ಲಿಯ ಜನ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಅವರ ಎರಡು ಗಂಟೆ ಎಂದರೆ ನಮ್ಮ ಬೆಳಗಿನ ಎಂಟು. ರೋಗಿಗೆ ಮಾತ್ರೆಯ ಹೊತ್ತು ಹೇಳುವಾಗ ಈ ಲೆಕ್ಕ ತಪ್ಪಿದರೆ ಆರು ಗಂಟೆಯ ವ್ಯತ್ಯಾಸ ಬೀಳುತ್ತದೆ. ಸಿಸ್ಟರ್ ನನಗೆ ಕಲಿಸಿದ ಮೊದಲ ಪಾಠವೇ ಇದು.

ಭಾನುವಾರ ಎದ್ದು ಪೂಜೆಗೆ ಹೋದೆ. ಡೋಲು, ಕುಣಿತ, ಉದ್ದನೆಯ ಪ್ರಸಂಗ. ಮುಗಿದ ಮೇಲೆ ಕಾಣಿಕೆಯಾಗಿ ಬಂದ ಕೋಳಿ, ಮೊಟ್ಟೆ, ಜೋಳವನ್ನು ಗುಡಿಯ ಮುಂದೆಯೇ ಸವಾಲಿಗೆ ಇಟ್ಟರು. ಒಂದು ಕೆಂಪು ಹುಂಜವನ್ನು ಉಪದೇಶಿಯ ಭಾವ ಕೂಗಿ ಕೊಂಡು, ತಿರುಗಿ ಗುಡಿಗೇ ಕೊಟ್ಟರು. ಅದು ಮತ್ತೆ ಸವಾಲಿಗೆ ಬಂತು. ಎರಡನೆಯ ಸಲ ಇನ್ನೂ ಏರಿತು. ಕೊನೆಗೆ ಗೆದ್ದವರು ಅದನ್ನು ತಂದು ಜ್ವರದಿಂದ ಎದ್ದವಳಿಗೆ ಸಾರು ಮಾಡಿಕೊಡಿ ಎಂದು ಸಿಸ್ಟರ್ ಕೈಗೆ ಕೊಟ್ಟರು.

ಈಗ ನಿಮ್ಮ ಅಪ್ಪನಿಗೆ ಬೇಕಾದ ಮಾತುಗಳು. ಪ್ರವಾಸಿ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಎಂದರೆ ಒಪ್ಪಬೇಡಿ. ಮಿಷನರಿಗಳಿಗೂ ಸ್ವಯಂಸೇವಕರಿಗೂ ಅಲ್ಲಿ ‘ಸಿ’ ವರ್ಗದ ವಾಸದ ಪರವಾನಗಿಯಿದೆ, ಅದನ್ನು ಸಂಸ್ಥೆಯೇ ಮಾಡಿಸಿಕೊಡಬೇಕು. ಅಲ್ಲಿನ ನರ್ಸಿಂಗ್ ಮಂಡಳಿಯ ನೋಂದಣಿ ಆಗುವವರೆಗೆ ಸಿರಿಂಜ್ ಮುಟ್ಟಬೇಡಿ, ಯಾರು ಎಷ್ಟೇ ಒತ್ತಾಯ ಮಾಡಲಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಪ್ರಯಾಣವಿದ್ದರೆ ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ, ಪ್ರಮಾಣಪತ್ರ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಪಾಸ್‌ಪೋರ್ಟ್ ನಿಮ್ಮ ಪೆಟ್ಟಿಗೆಯಲ್ಲಿರಬೇಕು, ಯಾವ ಮೇಲಧಿಕಾರಿಯ ಕಪಾಟಿನಲ್ಲೂ ಅಲ್ಲ. ಮಧ್ಯದಲ್ಲಿ ಬೇಡವೆನಿಸಿದರೆ ಮರಳುವ ಟಿಕೆಟ್ಟಿನ ಹಣ ಯಾರದು ಎಂದು ಬರಹದಲ್ಲಿ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಸಂಸ್ಥೆಯಾದರೆ ಅಪ್ಪನ ಮಾತೇ ಸರಿ. ಸರಿಯಾಗಿ ಉತ್ತರಿಸಿದರೆ ಅಪ್ಪನನ್ನು ಕರೆದುಕೊಂಡು ಹೋಗಿ ಆ ಸಿಸ್ಟರ್‌ಗಳ ಎದುರು ಕೂರಿಸಿ, ಅವರೇ ಕೇಳಲಿ.